ನನ್ನ ಹೆಂಡತಿ ನನ್ನ ಹೆಂಡತಿಯೇ

ನಮ್ಮ ಮನೆತನದಲ್ಲಿ ಯಾವ ಕೆಲಸವೂ ಸುಮ್ಮನೆ ಆಗುವುದಿಲ್ಲ. ಹಾಲು ತರಲು ಹೋದವನು ದಾರಿಯಲ್ಲಿ ಸಿಕ್ಕವರಿಗೆಲ್ಲ ಹಾಲು ತರಲು ಹೊರಟಿದ್ದೇನೆಂದು ಹೇಳಿ, ಅವರ ಸಲಹೆ ಕೇಳಿ, ಕೊನೆಗೆ ಮೊಸರು ತಂದಿರುತ್ತಾನೆ. ಇಂಥ ಮನೆಯಲ್ಲಿ ಹುಟ್ಟಿದವನು ವೀಸಾಕ್ಕೆ ಅರ್ಜಿ ಹಾಕಿದರೆ ಏನೇನು ಆಗಬೇಕೋ ಅದೆಲ್ಲ ನನಗೆ ಆಯಿತು. ಆಗಬಾರದ್ದೂ ಆಯಿತು.

ಮೊದಲು ಹಕೀಕತ್ತು ಹೇಳಿಬಿಡುತ್ತೇನೆ. ನಾನು ಮಸ್ಕಿಯವನು. ದೋಹಾದ ಒಂದು ಮಾಲ್‌ನಲ್ಲಿ ಎ.ಸಿ. ಮೆಕ್ಯಾನಿಕ್. ಹೆಂಡತಿ ಲಿಂಗಸೂಗೂರಿನವಳು, ನನ್ನ ಸೋದರತ್ತೆಯ ಮಗಳು. ಐರ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಆ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ, ಅತ್ತು, ಮತ್ತೆ ಓದಿ, ಮೂರನೆಯ ಸಲ ಪಾಸಾದವಳು. ನಮ್ಮ ಮದುವೆ ಮಸ್ಕಿಯಲ್ಲಾಯಿತು. ಮೈಗೆ ಹಚ್ಚಿದ ಅರಿಷಿಣ ಬಿಡುವ ಮೊದಲೇ ಅವಳು ಅತ್ತ ಹಾರಿದಳು, ನಾನು ಇತ್ತ ಹಾರಿದೆ. ಎರಡು ವರ್ಷ ಫೋನಿನಲ್ಲೇ ಸಂಸಾರ ನಡೆಯಿತು.

ಅವಳ ಗಂಡನಾಗಿ ಅವಳ ಹತ್ತಿರ ಹೋಗಿ ಇರಲು ವೀಸಾ ಕೊಡಿ ಎಂದು ದೋಹಾದಿಂದಲೇ ಅರ್ಜಿ ಹಾಕಿದೆ. ಉತ್ತರ ಬಂತು. ಇವರಿಬ್ಬರು ನಿಜವಾಗಿ ಗಂಡಹೆಂಡತಿ ಎಂದು ನಮಗೆ ಮನವರಿಕೆಯಾಗಿಲ್ಲ, ಆದ್ದರಿಂದ ವೀಸಾ ಇಲ್ಲ ಎಂದು ಅದರ ಸಾರಾಂಶ. ನಾನು ಮಾಲ್‌ನ ಮಾಳಿಗೆಯ ಮೇಲೆ, ದೊಡ್ಡ ಎ.ಸಿ. ಮಷೀನುಗಳ ನಡುವೆ ಕೂತು ಅತ್ತೆ. ಹೆಂಡತಿ ಅಳಲಿಲ್ಲ. "ಇನ್ನೊಂದು ಸಲ ಇಲ್ಲ ಅಂದ್ರ ನಾ ಕೆಲಸ ಬಿಟ್ಟು ಬಂದುಬಿಡ್ತೀನಿ" ಎಂದಳು. ಅವಳು ಹೇಳಿದ್ದನ್ನು ಮಾಡುವವಳು. ನನಗೆ ಅಳುವಿನ ಮೇಲೆ ಭಯವೂ ಹತ್ತಿಕೊಂಡಿತು.

ಪುರಾವೆಗಳೆಲ್ಲ ಊರಿನಲ್ಲಿದ್ದವು. ರಜೆ ಹಾಕಿ ಮಸ್ಕಿಗೆ ಬಂದೆ.

ಕರೆಯದೆ ಬಿಟ್ಟವರು

ನಾನು ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಪಕ್ಕದಲ್ಲಿ ಕೂತು ಬಿಸಿಬಿಸಿ ರೊಟ್ಟಿಗೆ ಕಾಯುತ್ತಿದ್ದ. ನಡೆದದ್ದನ್ನು ಹೇಳಿದೆ.

"ನಿಮ್ಮಿಬ್ಬರ ಲಗ್ನಾ ನಂಬಂಗಿಲ್ಲಂತೇನು? ಯಾರಂತ ಹಂಗ ಅಂದವ್ರು?" ಅವ್ವ ಕೇಳಿದಳು.

"ವೀಸಾ ಆಫೀಸರ್ ಬೇ."

"ಅವರು ನಿನ್ನ ಲಗ್ನಕ್ಕ ಬಂದಿದ್ರೇನು?"

"ಅವರು ಹೆಂಗ ಬರ್ತಾರ?"

"ನೀ ಕರದಿದ್ದೇನು?"

"ಇಲ್ಲ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅಪ್ಪನ ಕಡೆ ತಿರುಗಿದಳು. "ನೋಡ್ರಿ, ನಾ ಆವತ್ತ ಬಡ್ಕೊಂಡೆ. ಯಾರ್ನೋ ಬಿಟ್ಟೀವಿ, ಯಾರ್ನೋ ಬಿಟ್ಟೀವಿ ಅಂತ."

ನಮ್ಮ ಕಡೆ ಮದುವೆಗೆ ಕರೆಯದೆ ಬಿಡುವುದು ಸಣ್ಣ ಅಪರಾಧವಲ್ಲ. ಸಾಲಗುಂದದ ನಮ್ಮ ದೊಡ್ಡಪ್ಪ ಒಬ್ಬರಿಗೆ ಮನೆಗೆ ಹೋಗಿ ಕರೆಯದೆ ಕಾರ್ಡನ್ನು ಬೇರೆಯವರ ಕೈಯಲ್ಲಿ ಕಳಿಸಿದ್ದೆವು. ಅವರು ಈಗಲೂ ನಮ್ಮ ಮನೆಯ ಮುಂದೆ ಹಾಯುವಾಗ ಎದುರಿನ ಗೋಡೆ ನೋಡಿಕೊಂಡು ಹೋಗುತ್ತಾರೆ. ಇಂಥ ಸಿಟ್ಟಿಗೆ ಮದ್ದೂ ಉಂಟು. ಮನೆಗೆ ಹೋಗಿ ಕಾಯಿ, ಟವೆಲ್ಲು, ಟೊಪ್ಪಿಗೆ ಕೊಟ್ಟು ತಪ್ಪಾಯಿತೆನ್ನಬೇಕು.

ಅಪ್ಪ ಗಂಭೀರವಾಗಿ ಯೋಚಿಸಿದ. "ಆಫೀಸರ್ ಗಂಡಸೋ, ಹೆಣ್ಮಗಳೋ?"

"ಹೆಸರು ನೋಡಿದ್ರ ಹೆಣ್ಮಗಳ ಅನಸ್ತೈತಿ."

"ಹಂಗಾರ ಸಸಾರ ಆತು. ನಿನ್ನ ಹೆಂಡ್ತಿ ಅಲ್ಲೇ ಅದಾಳಲ್ಲ. ಮನಿಗೆ ಕರ್ದು, ಕುಪ್ಪಸದ ಕಣ, ಕಾಯಿ, ನಾಕು ಉತ್ತತ್ತಿ ಇಟ್ಟು ಉಡಿ ತುಂಬಂತ ಹೇಳು. ತಪ್ಪಾಗೇತಿ, ಹೊಟ್ಟ್ಯಾಗ ಹಾಕ್ಕೋಬೇಕ್ರಿ ಯವ್ವಾ ಅನ್ಲಿ. ಮುಗೀತು."

"ಅಪ್ಪಾ, ಅಲ್ಲಿ ಅದಕ್ಕ ಲಂಚ ಅಂತಾರ. ಹಿಡದು ಒಳಗ ಹಾಕ್ತಾರ."

ಅವ್ವ ಹೆಂಚಿನ ಮೇಲಿನ ರೊಟ್ಟಿಯನ್ನು ಮರೆತೇಬಿಟ್ಟಳು. "ಉಡಿ ತುಂಬಿದವ್ರನ್ನ ಒಳಗ ಹಾಕೋ ದೇಶಕ್ಕ ನೀ ಯಾಕ ಹೊಂಟೀಯೋ ಯಪ್ಪಾ?"

ಹಿಮದ ಗುಡ್ಡ

ತಿರಸ್ಕಾರದ ಪತ್ರದಲ್ಲಿ ಒಂದು ವಿಶೇಷ ಕಾರಣವಿತ್ತು. ನಾನು ಯುರೋಪಿಗೆ ಎಂದೂ ಹೋಗಿಲ್ಲವೆಂದು ಅರ್ಜಿಯಲ್ಲಿ ಬರೆದಿದ್ದೆ. ನನ್ನ ಪಾಸ್‌ಪೋರ್ಟೂ ಅದನ್ನೇ ಹೇಳುತ್ತಿತ್ತು. ಆದರೆ ಲಗತ್ತಿಸಿದ ಫೋಟೋದಲ್ಲಿ ನಾನೂ ನನ್ನ ಹೆಂಡತಿಯೂ ಯುರೋಪಿನ ಹಿಮದ ಗುಡ್ಡವೊಂದರ ಮುಂದೆ ಕೈ ಕೈ ಹಿಡಿದು ನಿಂತಿದ್ದೆವು. ಇದು ಹೇಗೆ ಎಂದು ಅವರ ಪ್ರಶ್ನೆ.

ತಪ್ಪು ನನ್ನದೇ. ಆದರೆ ನಾನೇನು ಮಾಡಲಿ? ಮದುವೆಯ ಅಲ್ಬಮ್ಮಿನಲ್ಲಿ ಫೋಟೋಗಳಿಗೆ ಬರವಿರಲಿಲ್ಲ. ಅಕ್ಕಿಕಾಳು ಬೀಳುವ ಹೊತ್ತಿನ ಫೋಟೋಗಳಲ್ಲಿ ಇಬ್ಬರಿಗೂ ಬಾಸಿಂಗ, ಹೂವಿನ ಮಾಲೆ. ಹಿಂದೆ ಇರುವುದು ನಾನೋ, ಮತ್ತೊಬ್ಬನೋ ದೇವರಿಗೇ ಗೊತ್ತು. ಮುಖ ಕಾಣುವ ಫೋಟೋಗಳಲ್ಲಿ ನಮ್ಮಿಬ್ಬರ ನಡುವೆ ಯಾರಾದರೊಬ್ಬ ಹಿರಿಯರು ಗಟ್ಟಿಯಾಗಿ ನಿಂತಿದ್ದರು. ನಾವಿಬ್ಬರೇ ಇದ್ದ ಹಾಳೆ ಅದೊಂದೇ. ಸ್ಟುಡಿಯೋದವರು ಹಿಂದೆ ಅಂಟಿಸುವ ಹಿಮದ ಗುಡ್ಡವಿಲ್ಲದ ಮದುವೆ ಅಲ್ಬಮ್ಮನ್ನು ನಮ್ಮ ಕಡೆ ಯಾರೂ ನೋಡಿಲ್ಲ. ಫೋನಿನಲ್ಲಿ ದಿನಾ ನೋಡಿ ನೋಡಿ ನನಗೆ ಆ ಗುಡ್ಡ ಕಾಣುವುದೇ ನಿಂತುಹೋಗಿತ್ತು.

ಪತ್ರ ಹಿಡಿದುಕೊಂಡು ಸಿಂಧನೂರಿಗೆ, ಫೋಟೋ ತೆಗೆದವನ ಸ್ಟುಡಿಯೋಕ್ಕೆ ಹೋದೆ. ಸಿಟ್ಟಿನಿಂದ ಓದಿ ಹೇಳಿದೆ. ಅವನ ಮುಖ ಅರಳಿತು.

"ಅಂದ್ರ ಅವರು ಅದನ್ನ ಖರೇ ಗುಡ್ಡ ಅಂತ ತಿಳ್ಕೊಂಡಾರೇನ್ರಿ?"

"ಹೌದು. ಅದಕ್ಕ ವೀಸಾ ಹೋತು."

"ಆ ದೇಶದವ್ರು, ದಿನಾ ಗುಡ್ಡ ನೋಡೋರು, ಅವರಿಗೂ ಗೊತ್ತಾಗಿಲ್ಲಂದ್ರ!" ಅವನು ಕೆಲಸದವರನ್ನೆಲ್ಲ ಕರೆದು ಪತ್ರ ತೋರಿಸಿದ. ಅದರ ಒಂದು ಝೆರಾಕ್ಸ್ ಕೊಡುತ್ತೀರಾ, ಗೋಡೆಗೆ ಹಾಕುತ್ತೇನೆ ಎಂದ.

"ನಿನ್ನ ಗೋಡಿ ಮನಿ ಹಾಳಾಗ. ಗುಡ್ಡ ತಗದು ಅಸಲ್ ಫೋಟೋ ಕೊಡೋ ಮಾರಾಯ."

ಅವನು ಕಂಪ್ಯೂಟರಿನ ಮುಂದೆ ಕೂತು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ಅಣ್ಣಾರ, ಎರಡು ವರ್ಷದ ಹಿಂದಿಂದು, ಹುಡುಕಬೇಕ್ರಿ. ಗುಡ್ಡ ತಗಿಯೂದೂ ಭಾಳ ಕೆಲಸ. ಅದಕ್ಕಿಂತ ನಿಮ್ಮ ಪಾಸ್‌ಪೋರ್ಟ್ ಕೊಡ್ರಿ, ಅದರಾಗ ಅಲ್ಲಿಗೆ ಹೋಗಿ ಬಂದಂಗ ಒಂದು ಸಿಕ್ಕಾ ಬೀಳಸಿಬಿಡ್ತೀನಿ!"

ಮಾವನ ಮರ್ಯಾದೆ

ನೀವಿಬ್ಬರು ಮೊದಲು ಭೇಟಿಯಾದದ್ದು ಎಲ್ಲಿ, ಸಂಬಂಧ ಹೇಗೆ ಬೆಳೆಯಿತು ಎಂದು ಅರ್ಜಿಯ ಜೊತೆ ವಿವರವಾಗಿ ಬರೆದುಕೊಡಬೇಕಿತ್ತು. ಮೊದಲ ಭೇಟಿ ನನಗೆ ನೆನಪಿಲ್ಲ. ಆದರೆ ನೂರು ಸಲ ಕೇಳಿದ್ದೇನೆ. ಅವಳನ್ನು ತೊಟ್ಟಿಲಿಗೆ ಹಾಕಿದ ದಿನ ಅತ್ತೆ ಕೂಸನ್ನು ನನ್ನ ತೊಡೆಯ ಮೇಲಿಟ್ಟು, "ಮಾಡ್ಕೊಂತೀಯೇನೋ ಅಳಿಯಾ?" ಎಂದು ಕೇಳಿದಳಂತೆ. ನಾನು ನಾಲ್ಕು ವರ್ಷದವನು. "ಮೊದ್ಲು ಉಂಡಿ ಕೊಡು" ಎಂದೆನಂತೆ. ಅದನ್ನೇ ಬರೆದೆ. ಆಮೇಲೆ, ಚಿಕ್ಕಂದಿನಿಂದ ಒಬ್ಬರನ್ನೊಬ್ಬರು ಬಲ್ಲೆವು, ದೊಡ್ಡವರಾದ ಮೇಲೆ ಪ್ರೀತಿಸಿದೆವು, ಹಿರಿಯರು ಒಪ್ಪಿ ಮದುವೆ ಮಾಡಿದರು ಎಂದು ಸೇರಿಸಿದೆ. ಸುಳ್ಳೇನೂ ಇರಲಿಲ್ಲ.

ಸಾಕ್ಷಿಯಾಗಿ ಸಹಿ ಮಾಡಲೆಂದು ಲಿಂಗಸೂಗೂರಿಗೆ ಒಯ್ದು ಮಾವನಿಗೆ ಕೊಟ್ಟೆ. ಮಾವನದು ಅಲ್ಲಿ ಕಿರಾಣಿ ಅಂಗಡಿ. ಕನ್ನಡದ ಪ್ರತಿಯನ್ನು ತಕ್ಕಡಿಯಲ್ಲಿ ತೂಗಿದಂತೆ ನಿಧಾನವಾಗಿ ಓದಿದರು. ತೊಟ್ಟಿಲು ಒಪ್ಪಿಗೆಯಾಯಿತು. ಉಂಡಿಯೂ ಒಪ್ಪಿಗೆಯಾಯಿತು. ಪ್ರೀತಿಯ ಹತ್ತಿರ ಬಂದು ಬೆರಳು ನಿಂತಿತು.

"ಇದನ್ನ ತಗಿ."

"ಅವರಿಗೆ ಬೇಕಾಗಿದ್ದ ಅದು ಮಾವ."

"ಲಗ್ನಾ ಮಾಡಿದವ್ರು ನಾವು. ಅದಕ್ಕಿಂತ ಮೊದ್ಲ ಪ್ರೀತಿ ಇತ್ತು ಅಂತ ಬರದ್ರ ನಾ ನಾಳಿಂದ ಅಂಗಡ್ಯಾಗ ಹೆಂಗ ಕುಂದರ್ಲಿ? ಮಂದಿ ಏನಂತಾರ?"

"ಈ ಪತ್ರ ಅಂಗಡಿಗೆ ಬರಂಗಿಲ್ರಿ. ಐರ್ಲೆಂಡಿಗೆ ಹೋಗತೈತಿ."

"ಅಲ್ಲಿ ನಮ್ಮ ಗುರ್ತಿನವ್ರು ಯಾರೂ ಇಲ್ಲೇನು?"

"ಯಾರಿರ್ತಾರ್ರಿ ಅಲ್ಲಿ? ನಿಮ್ಮ ಮಗಳು ಒಬ್ಬಾಕಿ ಅದಾಳ."

"ಅದನ್ನ ಹೇಳಾಕತ್ತೀನಿ! ಮೊದ್ಲು ಆಕಿಗೇ ಗೊತ್ತಾಗತೈತಿ!"

ಮಗಳಿಗೆ ಗೊತ್ತಾದರೆ ಏನು ಅನಾಹುತ ಎಂದು ನಾನು ಕೇಳಬೇಕೆನ್ನುವಷ್ಟರಲ್ಲಿ, ಒಳಗೆ ಬೇಳೆ ಆರಿಸುತ್ತಿದ್ದ ಅತ್ತೆ ಅಲ್ಲಿಂದಲೇ ದನಿ ಎತ್ತಿದಳು. "ಗೊತ್ತಾಗ್ಲಿ ಬಿಡ್ರಿ. ಆಕಿಗರ ಒಬ್ಬಂವ ಬರದು ಕೊಡಾಕತ್ತಾನ. ನನಗ ಇವತ್ತಿನತನ ಯಾವ ಗಂಡಸೂ ಒಂದು ಚೀಟಿ ಸೈತ ಬರದಿಲ್ಲ."

ಮಾವ ಪೆನ್ನು ತೆಗೆದು ಸಹಿ ಹಾಕಿದರು.

ಊಟ ಆತಾ

ಗಂಡಹೆಂಡತಿ ಎಂದಮೇಲೆ ಮಾತುಕತೆ ಇರಬೇಕಲ್ಲ, ಅದರ ಪುರಾವೆಯೂ ಬೇಕಿತ್ತು. ನಮ್ಮ ಎರಡು ವರ್ಷದ ಮೆಸೇಜುಗಳನ್ನೆಲ್ಲ ಮಸ್ಕಿಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಕಟ್ಟು ದಪ್ಪಗಿತ್ತು, ನೋಡಿ ಸಂತೋಷವಾಯಿತು. ಇಂಗ್ಲಿಷಿಗೆ ಅನುವಾದ ಮಾಡಿಸಲು ಸಿಂಧನೂರಿನ ಒಬ್ಬ ರಿಟೈರ್ಡ್ ಮಾಸ್ತರರ ಹತ್ತಿರ ಹೋದೆ. ಅವರು ಮೊದಲ ಹಾಳೆಯನ್ನು ಗಟ್ಟಿಯಾಗಿ ಓದಿದರು.

"ಊಟ ಆತಾ. ಆತು. ನಿಂದು. ಆತು. ಏನ್ ಮಾಡಿದ್ದಿ. ಅನ್ನ ಸಾರು."

ಎರಡನೆಯ ಹಾಳೆ ಓದಿದರು. ನಡುವಿನಿಂದ ಒಂದು ಹಾಳೆ ಎಳೆದು ಓದಿದರು. ಕೊನೆಯದನ್ನು ಓದಿದರು. ಅಲ್ಲಿ ಮಾತ್ರ ಅನ್ನದ ಬದಲು ಉಪ್ಪಿಟ್ಟು ಇತ್ತು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ತಮ್ಮಾ, ಇದು ಸಂಸಾರೋ, ಖಾನಾವಳಿಯೋ?"

ನನಗೆ ನಾಚಿಕೆಯಾಯಿತು. ಹೇಗೆ ತಿಳಿಸಿ ಹೇಳುವುದು? ಅವಳ ಡ್ಯೂಟಿ ಮುಗಿಯುವಾಗ ನನ್ನದು ಶುರುವಾಗಿರುತ್ತದೆ. ಮನಸ್ಸಿನ ಮಾತೆಲ್ಲ ಶುಕ್ರವಾರ ಫೋನಿನಲ್ಲಿ ಆಡುತ್ತೇವೆ, ಅದು ಯಾವ ಕಾಗದದ ಮೇಲೂ ಇಳಿಯುವುದಿಲ್ಲ. ಉಳಿದ ದಿನ "ಊಟ ಆತಾ" ಎಂದು ಕಳಿಸಿದರೆ ಅದರೊಳಗೇ ಎಲ್ಲ ಬಂತು. ಅವಳಿಗೆ ಗೊತ್ತು, ನನಗೆ ಗೊತ್ತು. ಆಫೀಸರಿಗೆ ಹೇಗೆ ಗೊತ್ತಾಗಬೇಕು?

"ಒಂದು ಜಗಳರ ಬ್ಯಾಡೇನಪಾ?" ಮಾಸ್ತರರು ಹೇಳಿದರು. "ತಕರಾರಿಲ್ಲದ ಗಂಡ ಹೆಂಡ್ತೀನ್ನ ನಾನಂತೂ ನೋಡಿಲ್ಲ. ಅವರು ಹೆಂಗ ನಂಬ್ತಾರ?"

ಮಾತು ಖರೆ ಅನ್ನಿಸಿತು. ಅಲ್ಲೇ ಕೂತು ಹೆಂಡತಿಗೆ ಮೆಸೇಜು ಕಳಿಸಿದೆ. 'ವೀಸಾಕ್ಕ ನಮ್ಮಿಬ್ಬರದು ಒಂದು ಜಗಳ ಬೇಕಂತ. ಯಾವ ವಿಷಯಕ್ಕ ಮಾಡೂನು ಹೇಳು.'

ಅವಳು ನನ್ನ ಜೊತೆ ಆಡಿ ಬೆಳೆದವಳು. ಅವ್ವನ ಎದುರಿಗೆ ಮಾತ್ರ ನನಗೆ ಬಹುವಚನ. ಉತ್ತರ ತಟ್ಟನೆ ಬಂತು. 'ಅಂದ್ರ ನಮ್ಮ ಮೆಸೇಜು ಕಂಡಕಂಡವ್ರಿಗೆ ಓದಾಕ ಕೊಟ್ಟೀಯೇನು?'

ನಾನು ಸಮಾಧಾನ ಹೇಳಿದೆ. ಅದು ಇನ್ನಷ್ಟು ಕೆಡಿಸಿತು. ತನ್ನನ್ನು ಒಂದು ಮಾತು ಕೇಳಲಿಲ್ಲ ಎಂದು ಶುರುವಾಗಿ, ಪರೀಕ್ಷೆಯ ದಿನ ನಾನು ಫೋನ್ ಮಾಡದಿದ್ದದ್ದು, ನಿಶ್ಚಿತಾರ್ಥದಲ್ಲಿ ಅವಳಿಗೆ ತಂದ ಸೀರೆಯ ಬಣ್ಣ, ಆ ಬಣ್ಣ ಆರಿಸಿದ ನನ್ನವ್ವ, ಅವ್ವನನ್ನು ಕಂಡರೆ ಬಾಯಿ ಬಿಡದ ನಾನು, ಹೀಗೆ ಹಿಂದಕ್ಕೆ ಹಿಂದಕ್ಕೆ ಹೋಗುತ್ತ ತೊಟ್ಟಿಲಿನವರೆಗೂ ಬಂತು. ಆವತ್ತೂ ನಿನಗೆ ಉಂಡಿಯೇ ಮುಖ್ಯವಾಗಿತ್ತು ಎಂದು ಬರೆದಳು. ನನಗೂ ಸಿಟ್ಟು ನೆತ್ತಿಗೇರಿತು. ಬೆರಳು ನೋಯುವ ತನಕ ಬರೆದೆ. ಮಾಸ್ತರರು ಕುರ್ಚಿ ಹತ್ತಿರ ಎಳೆದುಕೊಂಡು, ಬಂದದ್ದನ್ನು ಬಂದಹಾಗೆ ಇಂಗ್ಲಿಷಿಗೆ ಇಳಿಸುತ್ತ, "ಈಗ ನೋಡು, ಈಗ ಗಂಡ ಹೆಂಡ್ತಿ ಆದ್ರಿ" ಎಂದು ಖುಷಿಪಡುತ್ತಿದ್ದರು.

ಕೊನೆಗೆ ಅವಳು ಕಳಿಸಿದ ಮೆಸೇಜನ್ನು ಅವರೇ ಓದಿ ಹೇಳಿದರು. "ಹಾಳಾಗಿ ಹೋಗು. ಊಟ ಆತಾ?"

ಯಾರಿಗೂ ಗುರುತಿಲ್ಲದವನು

ನನ್ನ ಮೇಲೆ ಯಾವ ಕೇಸೂ ಇಲ್ಲವೆಂದು ಪೊಲೀಸರ ಸರ್ಟಿಫಿಕೇಟು ಬೇಕಿತ್ತು. ಅರ್ಜಿ ಕೊಟ್ಟೆ. ವಿಚಾರಣೆಗೆ ಒಬ್ಬ ಕಾನ್‌ಸ್ಟೇಬಲ್ ಮನೆಯ ಕಡೆ ಬರುತ್ತಾರೆ ಎಂದು ಹೇಳಿದ್ದರು. ಅವರು ಬಂದ ದಿನ ನಾನು ಸಿಂಧನೂರಿನಲ್ಲಿದ್ದೆ, ಅವ್ವ ನೆಂಟರ ಮನೆಗೆ ಹೋಗಿದ್ದಳು, ಮನೆಗೆ ಬೀಗ. ಅವರು ಓಣಿಯಲ್ಲಿ ವಿಚಾರಿಸಿದರು.

ಮಧ್ಯಾಹ್ನ ನನಗೆ ಫೋನ್ ಬಂತು. "ನೀವು ಕೊಟ್ಟ ವಿಳಾಸ ಬರೋಬ್ಬರಿ ಐತೇನ್ರಿ? ಈ ಓಣ್ಯಾಗ ನಿಮ್ಮ ಗುರ್ತು ಒಬ್ಬರಿಗೂ ಇಲ್ಲಲ್ರಿ."

ಹುಟ್ಟಿ ಬೆಳೆದ ಓಣಿ. ಬಸ್ಸು ಹಿಡಿದು ಓಡಿಬಂದೆ. ಓಣಿಯವರೆಲ್ಲ ಗೆದ್ದವರ ಹಾಗೆ ಕೂತಿದ್ದರು.

"ನೀ ಫಿಕರ್ ಮಾಡಬ್ಯಾಡ," ಎದುರು ಮನೆಯ ಮುತ್ಯಾ ನನ್ನ ಬೆನ್ನು ತಟ್ಟಿದ. "ಪೊಲೀಸ್ ಬಂದಿದ್ದ, ನಿನ್ನ ಕೇಳಿದ. ಅಂಥಾವ ಯಾರೂ ಇಲ್ಲಿಲ್ಲ ಅಂದೆ. ಫೋಟೋ ತೋರಿಸಿದ. ಕಣ್ಣು ಕಾಣಂಗಿಲ್ಲ ಅಂದೆ."

ಹಿಟ್ಟಿನ ಗಿರಣಿಯವನು, "ನಾ ಈ ಊರಿಗೇ ಹೊಸಬ ಅಂದೆ" ಎಂದ. ಅವನಜ್ಜ ಹಾಕಿದ ಗಿರಣಿ ಅದು. ದರ್ಜಿ ಇನ್ನೂ ಮುಂದೆ ಹೋಗಿದ್ದ. ಅಂಥ ಅಡ್ಡಹೆಸರಿನ ಮನೆತನವೇ ಮಸ್ಕಿಯಲ್ಲಿಲ್ಲ ಎಂದು ಹೇಳಿ ಕಳಿಸಿದ್ದ. ನಾನು ದೋಹಾದಲ್ಲಿ ಏನೋ ಮಾಡಿ ತಪ್ಪಿಸಿಕೊಂಡು ಬಂದಿದ್ದೇನೆ, ಅದಕ್ಕೇ ರಜೆ ಮುಗಿದರೂ ಹೋಗಿಲ್ಲ ಎಂದು ಅವರಷ್ಟಕ್ಕೆ ಅವರು ತಿಳಿದುಕೊಂಡಿದ್ದರು. ಏನು ಮಾಡಿದ್ದೇನೆಂದು ಒಬ್ಬರೂ ಕೇಳಲಿಲ್ಲ. ಬೈಯಬೇಕೆಂದು ಬಂದವನು ಮುತ್ಯಾನ ಪಕ್ಕ ಕೂತುಬಿಟ್ಟೆ. ಇಂಥ ಮಂದಿ ಎಲ್ಲಿ ಸಿಗುತ್ತಾರೆ?

"ಆದ್ರ ಅಪ್ಪ ಇಲ್ಲೇ ಇದ್ನಲ್ಲ?" ಎಂದು ಕೇಳಿದೆ. "ಅಂವ ಹೇಳಬೇಕಿಲ್ಲೋ?"

ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ದರ್ಜಿಯ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ. ಕಾನ್‌ಸ್ಟೇಬಲ್ ಅವನನ್ನೂ ಕೇಳಿದ್ದರು.

"ಇಡೀ ಓಣಿ ಇಲ್ಲ ಅನ್ನುಮುಂದ ನಾ ಒಬ್ಬಾಂವ ಹೌದು ಅಂದ್ರ ಅವರ ಮಾತಿಗೆ ಏನ್ ಕಿಮ್ಮತ್ತು ಉಳೀತು?" ಎಂದ ಅಪ್ಪ. "ನನಗ ಮಕ್ಕಳ ಇಲ್ಲ ಅಂದೆ."

ಬಸ್ಸಿನಲ್ಲಿ ಏಕಾಂತ

ಕಾನ್‌ಸ್ಟೇಬಲ್ ಮರುದಿನ ಮತ್ತೆ ಬಂದು, ಚಹಾ ಕುಡಿದು,  ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಒಳ್ಳೆಯ ರಿಪೋರ್ಟು ಬರೆದರು. ಸ್ಟುಡಿಯೋದವನು ಗುಡ್ಡವಿಲ್ಲದ ಅಸಲ್ ಫೋಟೋ ಹುಡುಕಿ ಕೊಟ್ಟ. ಕಾಗದಗಳೆಲ್ಲ ಸೇರಿದವು. ಅರ್ಜಿ ಮತ್ತೆ ಹೋಯಿತು. ಬೇಕಾದರೆ ಫೋನಿನಲ್ಲಿ ಸಂದರ್ಶನ ಮಾಡುತ್ತೇವೆ ಎಂದು ಮಾತ್ರ ತಿಳಿಸಿದ್ದರು. ನಾನು ಸ್ನಾನಕ್ಕೂ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದೆ.

ದೋಹಾಕ್ಕೆ ಮರಳುವ ಮುನ್ನ ಅತ್ತೆ ಮಾವರಿಗೆ ಹೇಳಿಬರಲೆಂದು ಲಿಂಗಸೂಗೂರಿಗೆ ಹೋಗಿದ್ದೆ. ವಾಪಸು ಮಸ್ಕಿಗೆ ಬರುವಾಗ ಬಸ್ಸು ಕಿಕ್ಕಿರಿದು ತುಂಬಿತ್ತು. ನನ್ನ ಪಕ್ಕದಲ್ಲಿ ಗುರುಗುಂಟಾದ ಒಬ್ಬ ಅಜ್ಜಿ. ಮಸ್ಕಿಯಲ್ಲಿರುವ ಮಗಳ ಮನೆಗೆ ಹೊರಟವಳು. ಹತ್ತು ನಿಮಿಷದಲ್ಲಿ ನನ್ನವ್ವನ ತವರೂರು ಕೇಳಿ, ಬಳಗ ಬಿಚ್ಚಿ, ನಮಗೆ ದೂರದ ಸಂಬಂಧಿ ಎಂದು ಸಾಬೀತು ಮಾಡಿದ್ದಳು. ಆಗ ಫೋನ್ ಬಂತು. ಪರದೇಶದ ನಂಬರು.

ಹೆಣ್ಣುದನಿ, ನಿಧಾನವಾದ ಇಂಗ್ಲಿಷು. "ನಾನು ವೀಸಾ ಅಧಿಕಾರಿ. ನಿಮ್ಮ ಅರ್ಜಿಯ ಬಗ್ಗೆ ಕೆಲವು ಪ್ರಶ್ನೆ ಕೇಳಬೇಕಿದೆ. ನೀವು ಒಬ್ಬರೇ ಇದ್ದೀರಾ?"

ನಾನು ಸುತ್ತ ನೋಡಿದೆ. ಒಂದು ಆಡಿನ ಮರಿಯೂ ನನ್ನನ್ನೇ ನೋಡುತ್ತಿತ್ತು. "ಇಲ್ಲ ಮೇಡಂ. ಬಸ್ಸಿನಲ್ಲಿದ್ದೇನೆ."

"ಬೇರೆ ಯಾರೂ ಇಲ್ಲದ ಜಾಗಕ್ಕೆ ಹೋಗಬಹುದೇ? ನಾನು ಐದು ನಿಮಿಷ ಬಿಟ್ಟು ಮಾಡುತ್ತೇನೆ."

ಕಂಡಕ್ಟರಿಗೆ ಒಂದೇ ಉಸಿರಿನಲ್ಲಿ ಹೇಳಿದೆ. ಹೆಂಡತಿ, ಐರ್ಲೆಂಡು, ಎರಡು ವರ್ಷ, ಇದೇ ಕೊನೆ, ನನ್ನನ್ನು ಇಲ್ಲೇ ಇಳಿಸಿಬಿಡಿ. ಅವನು ಸೀಟಿ ಊದಿದ. ಬಸ್ಸು ತೊಗರಿ ಹೊಲದ ಪಕ್ಕ ನಿಂತಿತು. ನಾನು ಎದ್ದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ.

"ನೀವು ಇಳದ್ರ ಲಾರಿ ಸಪ್ಪಳ, ಗಾಳಿ ಸಪ್ಪಳ. ಏನ್ ಕೇಳಸ್ತೈತ್ರಿ? ಕುಂದರ್ರಿ ಇಲ್ಲೇ." ಆಮೇಲೆ ಹಿಂದಕ್ಕೆ ತಿರುಗಿ ಕೂಗಿದ. "ಏ, ಎಲ್ರೂ ಇಳೀರಿ! ಈ ಅಣ್ಣಗ ಹೆಂಡ್ತಿ ಕೂಡ ಕೂಡಸೂ ಫೋನ್ ಬರೂದೈತಿ!"

ಇಳಿದರು ಸ್ವಾಮಿ. ಒಬ್ಬರೂ ಗೊಣಗಲಿಲ್ಲ. ಕೂಸು ಎತ್ತಿಕೊಂಡವಳು ಇಳಿದಳು, ಆಡಿನ ಮರಿ ಇಳಿಯಿತು, ಕಾಲೇಜಿನ ಹುಡುಗಿಯರು ಇಳಿದರು, ಡ್ರೈವರೂ ಎಂಜಿನ್ ಬಂದ್ ಮಾಡಿ ಇಳಿದ. ಅಜ್ಜಿ ಕೋಲೂರಿಕೊಂಡು ಕೊನೆಗೆ ಇಳಿದಳು. "ಯಪ್ಪಾ, ಚೊಲೊತ್ನಂಗ ಮಾತಾಡು. ಅಂಜಬ್ಯಾಡ" ಎಂದಳು.

ಫೋನ್ ಬಂತು. "ಈಗ ಒಬ್ಬರೇ ಇದ್ದೀರಾ?"

"ಹೌದು ಮೇಡಂ. ಪೂರಾ ಒಬ್ಬನೇ."

ಅದು ಖರೆಯೇ. ಬಸ್ಸಿನೊಳಗೆ ನಾನೊಬ್ಬನೇ. ಎರಡೂ ಬದಿಯ ಕಿಟಕಿಗಳಲ್ಲಿ ಮಾತ್ರ ಸಾಲಾಗಿ ತಲೆಗಳಿದ್ದವು.

ಅವರು ಒಂದೊಂದೇ ಕೇಳಿದರು. ಹೆಂಡತಿಯ ವಾರ್ಡು ಯಾವುದು, ಅವಳಿಗೆ ಯಾವುದರ ಭಯ, ಸಿಟ್ಟು ಬಂದರೆ ಏನು ಮಾಡುತ್ತಾಳೆ. ವಯಸ್ಸಾದ ರೋಗಿಗಳ ವಾರ್ಡು, ಲಿಫ್ಟಿನ ಭಯ, ಸಿಟ್ಟು ಬಂದರೆ ಮನೆಯೆಲ್ಲ ಒರೆಸುತ್ತಾಳೆ ಎಂದೆ. ಎಲ್ಲ ಚೆನ್ನಾಗಿಯೇ ಹೋಗುತ್ತಿತ್ತು. ಆಮೇಲೆ ಕೇಳಿದರು. "ಈ ಸಲವೂ ವೀಸಾ ಸಿಗದಿದ್ದರೆ ಏನು ಮಾಡುತ್ತೀರಿ?"

ನಾನು ಕಲಿತಿದ್ದ ಇಂಗ್ಲಿಷೆಲ್ಲ ಎಲ್ಲಿ ಹೋಯಿತೋ. "ಅವಳು ಕೆಲಸ ಬಿಟ್ಟು ಬರುತ್ತಾಳೆ ಮೇಡಂ. ಎಷ್ಟು ಕಷ್ಟಪಟ್ಟು ಗಳಿಸಿದ ಕೆಲಸ. ನನ್ನ ಸಲುವಾಗಿ ಅದು ಹೋಗಬಾರದು. ದಿನವೆಲ್ಲ ಬೇರೆಯವರ ಸೇವೆ ಮಾಡಿ ಖಾಲಿ ಕೋಣೆಗೆ ಬರುತ್ತಾಳೆ. ಅವಳು ಬಂದಾಗ ಬಾಗಿಲು ತೆಗೆಯಲು ಒಬ್ಬ ಮನುಷ್ಯ ಬೇಕು. ನನ್ನ ಅರ್ಜಿ ಇಷ್ಟೇ." ಅಷ್ಟು ಹೇಳುವುದರೊಳಗೆ ದನಿ ಒಡೆದು ಅಳು ಬಂದುಬಿಟ್ಟಿತು.

ಹೊರಗಿದ್ದವರಿಗೆ ಇಂಗ್ಲಿಷ್ ತಿಳಿಯದಿದ್ದರೂ ಅಳು ತಿಳಿಯಿತು. ಅಜ್ಜಿ ಕೋಲಿನಿಂದ ಬಸ್ಸಿನ ತಗಡಿಗೆ ಧಬಧಬ ಬಡಿದಳು. "ಯಾಕ ಅಳಸಾಕತ್ತಾಳ ಆಕಿ ನನ್ನ ಕೂಸನ್ನ? ಕೇಳು ಆಕೀನ್ನ! ಆಕಿ ಗಂಡ ಆಕಿ ಹಂತ್ಯಾಕ ಅದಾನಿಲ್ಲ?"

"ಅದೇನು ಸದ್ದು?" ಅಧಿಕಾರಿಯ ದನಿ ಬಿಗಿಯಾಯಿತು. "ಒಬ್ಬರೇ ಇದ್ದೇನೆ ಅಂದಿರಲ್ಲ?"

"ನಾನು ಒಬ್ಬನೇ ಇದ್ದೇನೆ ಮೇಡಂ. ಉಳಿದವರು ಹೊರಗಿದ್ದಾರೆ."

"ಯಾರು ಉಳಿದವರು?"

"ಪ್ರಯಾಣಿಕರು. ನೀವು ಏಕಾಂತ ಬೇಕು ಅಂದಿರಲ್ಲ, ಎಲ್ಲರೂ ಇಳಿದಿದ್ದಾರೆ."

"ಎಲ್ಲರೂ?"

"ಡ್ರೈವರೂ."

"ಆ ಹೆಂಗಸು ಏನು ಹೇಳುತ್ತಿದ್ದಾರೆ?" ಎಂದರು.

ಸುಳ್ಳು ಹೇಳಿದರೆ ವೀಸಾ ಇಲ್ಲವೆಂದು ಅರ್ಜಿಯ ಮೇಲೆಯೇ ಬರೆದಿತ್ತು. "ನಿಮ್ಮ ಗಂಡ ನಿಮ್ಮ ಜೊತೆಗಿದ್ದಾರೋ ಇಲ್ಲವೋ ಎಂದು ಕೇಳುತ್ತಿದ್ದಾರೆ ಮೇಡಂ."

ಮುಗಿಯಿತು, ಅಜ್ಜಿ ನನ್ನ ಸಂಸಾರಕ್ಕೆ ಕಲ್ಲು ಹಾಕಿದಳು ಎಂದುಕೊಂಡೆ. ಆಮೇಲೆ ಅವರು ಮೆಲ್ಲಗೆ ಹೇಳಿದರು. "ನನ್ನ ಗಂಡ ಹಡಗಿನಲ್ಲಿ ಕೆಲಸ ಮಾಡುತ್ತಾರೆ. ತಿಂಗಳುಗಟ್ಟಲೆ ಸಮುದ್ರದಲ್ಲಿರುತ್ತಾರೆ. ಹಾಗೆಂದು ಅವರಿಗೆ ಹೇಳಿ." ನಗುತ್ತಿದ್ದರೋ ಏನೋ, ದನಿಯಿಂದ ತಿಳಿಯಲಿಲ್ಲ. "ಪ್ರಶ್ನೆಗಳು ಮುಗಿದವು. ದಯವಿಟ್ಟು ಅವರನ್ನೆಲ್ಲ ಬಸ್ಸಿಗೆ ಹತ್ತಿಸಿಕೊಳ್ಳಿ."

ಎಲ್ಲರೂ ಹತ್ತಿದರು. "ಸಿಕ್ತೇನ್ರಿ?" ಎಂದು ಕಂಡಕ್ಟರ್ ಕೇಳಿದ. ಗೊತ್ತಿಲ್ಲವೆಂದೆ. ಅಜ್ಜಿಗೆ ಆಫೀಸರಮ್ಮನ ಗಂಡನ ಸಂಗತಿ ಹೇಳಿದೆ. "ಅಯ್ಯ ಶಿವನ!" ಎಂದವಳು ಮಸ್ಕಿ ಬರುವ ತನಕ ಲೊಚಗುಟ್ಟುತ್ತಲೇ ಇದ್ದಳು.

ನಾನು ದೋಹಾಕ್ಕೆ ಮರಳಿದ ಮೇಲೆ ವೀಸಾ ಬಂತು. ಹೆಂಡತಿಗೆ ಫೋನ್ ಮಾಡಿದೆ. ಕೆಲಸ ಬಿಡುತ್ತೇನೆಂದು ಹೇಳಿದಾಗಲೂ ಅಳದವಳು ಆವತ್ತು ಅತ್ತಳು. ಆಮೇಲೆ ಅವ್ವನಿಗೆ ಮಾಡಿ, ಮೊದಲು ಆ ಗುರುಗುಂಟಾದ ಅಜ್ಜಿಗೆ ಸುದ್ದಿ ಮುಟ್ಟಿಸು ಎಂದೆ. ಅವ್ವ ಅಜ್ಜಿಯ ಮಗಳ ಮನೆ ಹುಡುಕಿಕೊಂಡು ಹೋಗಿ, ಸಂಜೆ ನನಗೆ ತಿರುಗಿ ಫೋನ್ ಮಾಡಿದಳು.

"ಸಕ್ರಿ ಕೊಟ್ಟು ಹೇಳಿ ಬಂದೆ. ಆಕಿ ಅರ್ಧಾ ಖುಷಿ ಆದ್ಲಪಾ, ಪೂರಾ ಆಗ್ಲಿಲ್ಲ."

"ಯಾಕಂತ ಬೇ?"

"ನಿನ್ನ ಮಗಂದೇನೋ ಆತು ಬಿಡವಾ ಅಂದ್ಲು. ಆ ಆಫೀಸರ್ ಹೆಣ್ಮಗಳಿಗೆ ಗಂಡನ ಕೂಡ ಇರಾಕ ಇನ್ನಾ ವೀಸಾ ಕೊಟ್ಟಿಲ್ಲಲ್ಲ, ಕೊಡದಾಂವ ಯಾವ ಆಫೀಸರ್ ಅಂತ ಕೇಳು, ಅಂವನ ನಂಬರ್ ತಂದು ಕೊಡು, ನಾ ಮಾತಾಡ್ತೀನಿ ಅಂದ್ಲು."